ಸಭೆ, ಸಂಪ್ರದಾಯ ಮತ್ತು ಹೆಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಕ್ರೈಸ್ತ ಮಹಿಳೆಯರ ಸ್ಥಾನಮಾನವನ್ನು ಕುರಿತು ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಉಳಿಸಿಕೊಳ್ಳಲಾಗಿದೆ.

ಪ್ರಶ್ನೆ: ನಮ್ಮ ಸಭೆಯಲ್ಲಿ (ಚರ್ಚಿನಲ್ಲಿ) ಹೆಣ್ಣುಮಕ್ಕಳು ಸಮಾನತೆಯ ಮಾತೆತ್ತಿದಾಗಲೆಲ್ಲ ಹಿರಿಯರು, ಇದು ಪಾಶ್ಚಾತ್ಯರ ಸ್ತ್ರೀವಾದ, ನಮ್ಮ ಭಾರತೀಯ ಸಂಸ್ಕೃತಿಗೆ ಹೊಂದುವುದಿಲ್ಲ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ ಎಂದು ನನಗೂ ಅನಿಸುತ್ತದೆ. ನಿಮ್ಮ ಅಭಿಪ್ರಾಯವೇನು? (ಬೆಂಗಳೂರು)

ಉತ್ತರ: ನಿಮ್ಮ ಹಿರಿಯರ ಮಾತು ಪೂರ್ತಿ ಹುಸಿಯಲ್ಲ. ಸ್ತ್ರೀವಾದಿ ದೈವಶಾಸ್ತ್ರದ ಹೆಸರಿನಲ್ಲಿ ನಮ್ಮಲ್ಲಿ ಬಹುಕಾಲ ಓದಿಸಿದ್ದು ಹೆಚ್ಚಾಗಿ ಅಮೆರಿಕ ಮತ್ತು ಯುರೋಪಿನ ಪುಸ್ತಕಗಳನ್ನೇ. ವರದಕ್ಷಿಣೆಯಾಗಲಿ ಜಾತಿಯಾಗಲಿ ಅವುಗಳ ಪುಟಗಳಲ್ಲಿ ಅಷ್ಟಾಗಿ ಕಾಣಿಸುವುದಿಲ್ಲ. ಆದರೆ ಈ ದೇಶದ ಕ್ರೈಸ್ತ ಮಹಿಳೆಯೊಬ್ಬರು ಸಂಪ್ರದಾಯವನ್ನೂ ಸಭೆಯನ್ನೂ ಏಕಕಾಲಕ್ಕೆ ಪ್ರಶ್ನಿಸಿದ ಚರಿತ್ರೆ ಆ ಪುಸ್ತಕಗಳಿಗಿಂತ ಎಷ್ಟೋ ದಶಕಗಳಷ್ಟು ಹಳೆಯದು, ಮತ್ತು ಅದು ಆರಂಭವಾಗುವುದು ನಮ್ಮ ಘಟ್ಟದ ಕಾಡಿನಲ್ಲೇ.

ಪಂಡಿತಾ ರಮಾಬಾಯಿಯವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರದು ಕಾರ್ಕಳ ಸೀಮೆಯ ಮಾಳದ ಮನೆತನ. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರು ಪಂಡಿತರ ಎದುರು ಸಮಜಾಯಿಷಿ ಕೊಡಬೇಕಾಯಿತು. ಹಾಗೆ ಕಲಿತ ತಾಯಿಯಿಂದಲೇ ಮಗಳಿಗೆ ವಿದ್ಯೆ ಬಂದಿತು. 1870ರ ದಶಕದ ಕ್ಷಾಮದಲ್ಲಿ ತಂದೆತಾಯಿ ತೀರಿಕೊಂಡ ಮೇಲೆ ಅಣ್ಣನೊಡನೆ ಕಾಲ್ನಡಿಗೆಯಲ್ಲಿ ದೇಶ ಸುತ್ತಿದ ಈ ಹೆಣ್ಣುಮಗಳಿಗೆ 1878ರಲ್ಲಿ ಕಲ್ಕತ್ತದ ವಿದ್ವಾಂಸರು ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. (ನಮ್ಮಲ್ಲಿ ಅನೇಕರು ಇವರನ್ನು ಮಹಾರಾಷ್ಟ್ರದವರೆಂದಷ್ಟೇ ತಿಳಿದಿದ್ದಾರೆ, ಕಾರ್ಕಳದವರಾದರೂ ನೆನಪಿಟ್ಟುಕೊಳ್ಳಬೇಕಿತ್ತು.) ಬೇರೆ ಜಾತಿಯ, ಬೇರೆ ಭಾಷೆಯ ಬಂಗಾಳಿ ವಕೀಲರನ್ನು ಮದುವೆಯಾಗಿ, ಎರಡು ವರ್ಷ ತುಂಬುವ ಹೊತ್ತಿಗೆ ಮಡಿಲಲ್ಲಿ ಕೂಸನ್ನಿಟ್ಟುಕೊಂಡು ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿಗೆ ಹೋಗಿ, ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಸ್ತ್ರೀಯರ ಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದರು. ದಾರಿ ತಪ್ಪಿದವರೆಂದು ಸಮಾಜ ಹೊರಗಿಟ್ಟಿದ್ದ ಹೆಂಗಸರನ್ನು ಆ ಮಠದವರು ಒಂದು ಆಶ್ರಯಧಾಮದಲ್ಲಿ ನೋಡಿಕೊಳ್ಳುತ್ತಿದ್ದ ರೀತಿಯೂ, ಯೋಹಾನನ ಸುವಾರ್ತೆಯಲ್ಲಿ ಯೇಸು ಸಮಾರ್ಯದ ಸ್ತ್ರೀಯೊಡನೆ ಬಾವಿಯ ಬಳಿ ನಡೆಸಿದ ಸಂಭಾಷಣೆಯೂ ತಮ್ಮ ಮನಸ್ಸನ್ನು ತಿರುಗಿಸಿದವೆಂದು ಅವರೇ ಮುಂದೆ ಬರೆದಿದ್ದಾರೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು ಇದರ ನಂತರದ ಪ್ರಸಂಗ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿದ್ದಾಗ ರಮಾಬಾಯಿಯವರು ತರುಣರಿಗೂ ಭಾರತೀಯ ಭಾಷೆಗಳನ್ನು ಕಲಿಸಬಹುದೆಂಬ ಸಲಹೆ ಬಂದಿತು. ಇದನ್ನು ತಡೆದವರು ಭಾರತದ ಶಾಸ್ತ್ರಿಗಳಲ್ಲ, ಭಾರತದಲ್ಲಿ ಸೇವೆಯಲ್ಲಿದ್ದ ಆಂಗ್ಲ ಬಿಷಪ್ಪರು. ಹೆಂಗಸೊಬ್ಬಳು ಗಂಡಸರಿಗೆ ಪಾಠ ಹೇಳಿದಳೆಂದು ಗೊತ್ತಾದರೆ ಭಾರತದಲ್ಲಿ ಅವಳ ಮಾತಿಗೆ ಬೆಲೆಯೇ ಉಳಿಯುವುದಿಲ್ಲ, ಅಲ್ಲಿನ ಸಂಸ್ಕೃತಿ ಅದನ್ನು ಸಹಿಸುವುದಿಲ್ಲ ಎಂಬುದು ಅವರ ವಾದವಾಗಿತ್ತು. ರಮಾಬಾಯಿಯವರು ಕೊಟ್ಟ ಉತ್ತರದ ಸಾರಾಂಶ ಹೀಗಿದೆ: ನನ್ನ ತಾಯಿ ತರುಣರಿಗೆ ಪಾಠ ಹೇಳಿದಾಗ ನನ್ನ ತಂದೆ ಬೇಡವೆನ್ನಲಿಲ್ಲ, ನಾನು ಹೇಳಿದಾಗ ನನ್ನ ಗಂಡ ಬೇಡವೆನ್ನಲಿಲ್ಲ, ಈಗ ಇಂಗ್ಲೆಂಡಿನವರು ಬೇಡವೆನ್ನುತ್ತಿರುವುದು ಆಶ್ಚರ್ಯ. ಮಠದವರು ವಿಧೇಯತೆಯನ್ನು ಬೋಧಿಸಿದಾಗ, ಒಂದು ಪುರೋಹಿತ ವರ್ಗದ ನೊಗದಿಂದ ಕಷ್ಟಪಟ್ಟು ಬಿಡಿಸಿಕೊಂಡು ಬಂದ ನಾನು ಅಂಥದೇ ಇನ್ನೊಂದು ನೊಗಕ್ಕೆ ಕೊರಳೊಡ್ಡಲಾರೆ ಎಂದು 1885ರ ಪತ್ರದಲ್ಲಿ ತಿಳಿಸಿದರು. ಕೊರಳಲ್ಲಿ ಧರಿಸುವ ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಏಕೆ, ಸಂಸ್ಕೃತದಲ್ಲಿ ಏಕಿರಬಾರದು ಎಂದು ವಾದಿಸಿದವರೂ ಅವರೇ. ಹೀಗಿರುವಾಗ ಇಲ್ಲಿ ಪಾಶ್ಚಾತ್ಯರು ಯಾರು, ಭಾರತೀಯ ಸಂಸ್ಕೃತಿಯ ಪರ ನಿಂತವರು ಯಾರು ಎಂಬುದನ್ನು ನಿಮ್ಮ ಹಿರಿಯರು ಒಮ್ಮೆ ಬಿಡಿಸಿ ಹೇಳಲಿ.

ಭಾರತಕ್ಕೆ ಮರಳಿದ ಮೇಲೂ ಅವರಿಗೆ ಇದೇ ಅನುಭವ ಕಾದಿತ್ತು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನವನ್ನು ಮರುವರ್ಷ ಪುಣೆಗೆ ಸಾಗಿಸಿದರು. ಅಲ್ಲಿ ಕೆಲವು ಹುಡುಗಿಯರು ಕ್ರೈಸ್ತಧರ್ಮದತ್ತ ಒಲಿದರೆಂದು 1893ರಲ್ಲಿ ಪುಣೆಯೇ ತಿರುಗಿಬಿದ್ದಿತು. ಈ ಮತಾಂತರದ ಪ್ರಶ್ನೆಯನ್ನು ಕಡೆಗಣಿಸಬೇಕೆಂದು ನಾನು ಹೇಳುವುದಿಲ್ಲ, ಆಕ್ಷೇಪಿಸಿದವರೆಲ್ಲ ಹೆಣ್ಣಿನ ಶತ್ರುಗಳೂ ಅಲ್ಲ. ಆದರೆ ತಲೆ ಬೋಳಿಸಿಕೊಂಡು ಮೂಲೆ ಸೇರಿದ್ದ ಆ ಬಾಲವಿಧವೆಯರ ಇಷ್ಟಾನಿಷ್ಟವನ್ನು ಕೇಳಿದವರು ಎರಡೂ ಪಕ್ಷಗಳಲ್ಲಿ ವಿರಳ. ಮುಂದೆ ಪುಣೆಯ ಬಳಿಯ ಕೇಡಗಾಂವಿನ ಮುಕ್ತಿ ಸದನದಲ್ಲಿ, ಕ್ಷಾಮದಿಂದ ಬದುಕುಳಿದು ಬಂದ ಹೆಣ್ಣುಮಕ್ಕಳೇ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ, ಕರಡು ತಿದ್ದಿ, ರಮಾಬಾಯಿಯವರು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಮಾಡಿದ ಮರಾಠಿ ಸತ್ಯವೇದವನ್ನು (ಬೈಬಲನ್ನು) ಅಚ್ಚು ಹಾಕಿದರು. ಆ ಭಾಷಾಂತರವನ್ನು ಮುಗಿಸಿ 1922ರಲ್ಲಿ ಅವರು ತೀರಿಕೊಂಡರು.

ಸಂಸ್ಕೃತಿಯ ಹೆಸರಿನಲ್ಲಿ ನಡೆದ ಇನ್ನೊಂದು ಜಗಳವನ್ನೂ ಹೇಳಬೇಕು. ತಿರುವಾಂಕೂರಿನಲ್ಲಿ ನಾಡಾರ್ ಜಾತಿಯ ಹೆಂಗಸರು, ಅವರಲ್ಲಿ ಅನೇಕರು ಹೊಸದಾಗಿ ಕ್ರೈಸ್ತರಾದವರು, ಎದೆಯ ಮೇಲೆ ವಸ್ತ್ರ ಹೊದೆಯುವ ಹಕ್ಕಿಗಾಗಿ ದಶಕಗಳ ಕಾಲ ಹೋರಾಡಿದರು. 1829ರ ಆಜ್ಞೆ ಅವರಿಗೆ ರವಿಕೆ ತೊಡಲು ಅವಕಾಶ ಕೊಟ್ಟು ಮೇಲ್ಜಾತಿಯವರ ಮೇಲ್ವಸ್ತ್ರವನ್ನು ನಿರಾಕರಿಸಿತು. 1859ರ ಆಜ್ಞೆ ಕೂಡ ಎದೆ ಮುಚ್ಚಿಕೊಳ್ಳಲು ಒಪ್ಪಿದರೂ ಮೇಲ್ಜಾತಿಯ ಹೆಂಗಸರ ಮಾದರಿಯಲ್ಲಿ ಹೊದೆಯಬಾರದೆಂಬ ಕಟ್ಟನ್ನು ಉಳಿಸಿಕೊಂಡಿತು. ಆ ಕಾಲದಲ್ಲಿ ದೇಶಾಚಾರ ಎಂದರೆ ಅದೇ ಆಗಿತ್ತು.

ಪ್ರಶ್ನೆ: ಸ್ತ್ರೀಯರು ಸಭೆಗಳಲ್ಲಿ ಮೌನವಾಗಿರಬೇಕೆಂದು ಪೌಲನೇ ಬರೆದಿದ್ದಾನೆ. ಸತ್ಯವೇದವನ್ನು ನಂಬುವವರು ಈ ವಚನವನ್ನು ದಾಟಿ ಹೋಗುವುದು ಹೇಗೆ? ಸಭೆಯಲ್ಲಿ ಪ್ರಸಂಗ (ಧರ್ಮೋಪದೇಶ) ಮಾಡಬೇಕೆಂಬ ಆಸೆಯಿಂದ ದೈವಶಾಸ್ತ್ರ ಓದುತ್ತಿರುವ ಮಗಳಿಗೆ ನಾನು ಏನು ಹೇಳಲಿ? (ಧಾರವಾಡ)

ಉತ್ತರ: ದಾಟಿ ಹೋಗುವುದು ಬೇಡ, ಇಡೀ ಅಧ್ಯಾಯವನ್ನು ಓದಿದರೆ ಸಾಕು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ ಸುಮ್ಮನಿರಲು ಹೇಳಿಸಿಕೊಂಡವರು ಮೂರು ವರ್ಗದವರು. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯಲ್ಲಿ ಮಾತಾಡುವವರು ಸುಮ್ಮನಿರಬೇಕು. ಕುಳಿತಿರುವ ಮತ್ತೊಬ್ಬನಿಗೆ ಪ್ರಕಟನೆ ಉಂಟಾದರೆ ಮಾತಾಡುತ್ತಿರುವ ಪ್ರವಾದಿ ಸುಮ್ಮನಾಗಬೇಕು. ಅನಂತರ ಸ್ತ್ರೀಯರ ಮಾತು ಬರುತ್ತದೆ. ಮೊದಲಿನ ಎರಡನ್ನು ಗದ್ದಲದ ಸಭೆಗೆ ಹೇಳಿದ ಶಿಸ್ತಿನ ಮಾತೆಂದು ಓದಿ, ಮೂರನೆಯದನ್ನು ಮಾತ್ರ ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಸಲ್ಲುವ ಶಾಸನವೆಂದು ಓದುವುದಕ್ಕೆ ಪತ್ರಿಕೆಯೊಳಗೆ ಆಧಾರವಿಲ್ಲ. ಇದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ ಸ್ತ್ರೀಯರು ಪ್ರಾರ್ಥನೆ ಮಾಡುವಾಗಲೂ ಪ್ರವಾದಿಸುವಾಗಲೂ ತಲೆಗೆ ಮುಸುಕು ಹಾಕಿಕೊಳ್ಳಬೇಕೆಂದು ಪೌಲನೇ ಹೇಳುತ್ತಾನೆ, ಅಂದರೆ ಅವರು ಆ ಸಭೆಯಲ್ಲಿ ಬಾಯಿಬಿಟ್ಟು ಪ್ರವಾದಿಸುತ್ತಿದ್ದುದು ಅವನಿಗೆ ಗೊತ್ತಿದ್ದ ಸಂಗತಿ. ಇದಲ್ಲದೆ 34 ಮತ್ತು 35ನೆಯ ವಚನಗಳು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ, 40ನೆಯ ವಚನದ ನಂತರ ಬರುತ್ತವೆ. ಆದ್ದರಿಂದ ಅವು ಮೂಲದಲ್ಲಿ ಇದ್ದವೇ ಎಂಬ ಚರ್ಚೆ ವಿದ್ವಾಂಸರಲ್ಲಿ ಇದೆ. ನಾನು ಆ ವಾದದ ಮೇಲೆ ಹೆಚ್ಚು ಭಾರ ಹಾಕುವುದಿಲ್ಲ. ಇಷ್ಟವಿಲ್ಲದ ವಚನವನ್ನು ಹಸ್ತಪ್ರತಿಯ ನೆಪದಿಂದ ಕಿತ್ತುಹಾಕುವುದು ಸುಲಭದ ಹಾದಿ, ಮತ್ತು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿರುವ ಇನ್ನೂ ಬಿಗಿಯಾದ ಮಾತಿಗೆ ಆ ಹಾದಿ ಒದಗುವುದೂ ಇಲ್ಲ.

ಅಪೊಸ್ತಲರ ಕೃತ್ಯಗಳ 18ನೆಯ ಅಧ್ಯಾಯದಲ್ಲಿ ವಾಕ್ಚತುರನಾದ ಅಪೊಲ್ಲೋಸನನ್ನು ಮನೆಗೆ ಕರೆದು ದೇವರ ಮಾರ್ಗವನ್ನು ಇನ್ನೂ ಚೆನ್ನಾಗಿ ವಿವರಿಸಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳು. ಪುನರುತ್ಥಾನದ ಸುದ್ದಿಯನ್ನು ಮೊದಲು ಹೊತ್ತು ತಂದವರು ಹೆಂಗಸರು. ಅದು ಶಿಷ್ಯರಿಗೆ ಹುರುಳಿಲ್ಲದ ಹರಟೆಯಂತೆ ಕಂಡಿತೆಂದು ಲೂಕನು ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆ. ಆ ಹೆಂಗಸರಲ್ಲಿ ಒಬ್ಬಳಾದ ಮಗ್ದಲದ ಮರಿಯಳನ್ನು 591ರಲ್ಲಿ ಪೋಪ್ ಗ್ರೆಗರಿಯವರ ಪ್ರಸಂಗವೊಂದು ಪಾಪಿಷ್ಠಳಾದ ಬೇರೊಬ್ಬ ಹೆಂಗಸಿನೊಡನೆ ಕಲಸಿಬಿಟ್ಟಿತು, ಪಶ್ಚಿಮದ ಸಭೆ ಅದನ್ನು ಶತಮಾನಗಳ ಕಾಲ ನಂಬಿತು; ಅವಳ ಸ್ಮರಣೆಯ ದಿನವನ್ನು ಅಪೊಸ್ತಲರ ಹಬ್ಬಗಳ ಮಟ್ಟಕ್ಕೆ ಏರಿಸಲು ಕಥೋಲಿಕ ಸಭೆಗೆ 2016ರವರೆಗೆ ಕಾಲ ಬೇಕಾಯಿತು. 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯಲ್ಲಿ ಸ್ತ್ರೀಯರಿಗೆ ಗುರುದೀಕ್ಷೆ (ಪಾದ್ರಿಯಾಗುವ ದೀಕ್ಷೆ) ಸಿಗುತ್ತಿದೆ, 2013ರ ಸೆಪ್ಟೆಂಬರಿನಲ್ಲಿ ರೆವರೆಂಡ್ ಇ. ಪುಷ್ಪಲಲಿತ ಅವರು ಆಂಧ್ರದ ನಂದ್ಯಾಲದಲ್ಲಿ ಆ ಸಭೆಯ ಮೊದಲ ಮಹಿಳಾ ಬಿಷಪ್ ಆದರು. ಕಥೋಲಿಕ ಸಭೆಯಲ್ಲಿ ಆ ಬಾಗಿಲು ಇನ್ನೂ ಮುಚ್ಚಿದೆ. ನಿಮ್ಮ ಮಗಳು ಧೈರ್ಯವಾಗಿ ಓದಲಿ; ಆದರೆ ದೀಕ್ಷೆಯಾದ ಮೇಲೆ ಅವಳನ್ನು ಯಾವ ಸಭೆಗೆ ಕಳುಹಿಸುತ್ತಾರೆ, ಸಭಾಪಾಲಕಿಯಾಗಿಯೋ ಅಥವಾ ಮಹಿಳೆಯರ ಮತ್ತು ಮಕ್ಕಳ ಕೆಲಸಕ್ಕೆ ಮಾತ್ರವೋ ಎಂಬುದನ್ನು ಈಗಲೇ ವಿಚಾರಿಸಿಕೊಳ್ಳಿ. ಕಾಗದದ ಮೇಲಿನ ಸಮಾನತೆ ಎಡವುವುದು ಆ ನೇಮಕದ ಪಟ್ಟಿಯಲ್ಲಿಯೇ.

ಪ್ರಶ್ನೆ: ತಂದೆಯವರು ಉಯಿಲು ಬರೆಯದೆ ತೀರಿಕೊಂಡರು. ತಾಯಿ ಇದ್ದಾರೆ. ತೋಟವನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಲು ಅಣ್ಣಂದಿರು ನನ್ನಿಂದ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಕೇಳುತ್ತಿದ್ದಾರೆ. ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಒಡಹುಟ್ಟಿದವರ ಮೇಲೆ ದಾವೆ ಹೂಡುವುದು ಕ್ರೈಸ್ತಳಿಗೆ ತಕ್ಕುದಲ್ಲ ಎಂದು ಸಭೆಯ ಹಿರಿಯರೂ ಹೇಳುತ್ತಾರೆ. (ಕುಂದಾಪುರ)

ಉತ್ತರ: ಮೊದಲು ಕಾನೂನನ್ನು ಹೇಳುತ್ತೇನೆ. ಕ್ರೈಸ್ತರಿಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಉಯಿಲಿಲ್ಲದೆ ತೀರಿಕೊಂಡವರ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಹೆಂಡತಿಗೆ, ಉಳಿದ ಎರಡು ಪಾಲು ಮಕ್ಕಳೆಲ್ಲರಿಗೆ ಸಮನಾಗಿ ಸೇರುತ್ತದೆ. ಗಂಡು, ಹೆಣ್ಣು, ಮದುವೆಯಾದವರು, ಆಗದವರು ಎಂಬ ಭೇದ ಅದರಲ್ಲಿಲ್ಲ. ಹೀಗಾಗಿ ಅಣ್ಣಂದಿರು ಕೇಳುತ್ತಿರುವುದು ನಿಮ್ಮದೇ ಸ್ವತ್ತನ್ನು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಮ್ಮೆ ಹೆಬ್ಬೆರಳಿನ ಗುರುತು ಬಿದ್ದ ಖುಲಾಸೆ ಪತ್ರವನ್ನು ಮುಂದೆ ರದ್ದುಪಡಿಸುವುದು ಬಹಳ ಕಷ್ಟ, ಆದ್ದರಿಂದ ವಕೀಲರಿಗೆ ತೋರಿಸದೆ ಸಹಿ ಹಾಕಬೇಡಿ. ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸಲು, ಸಲ್ಲಿಸಿರುವ ವಂಶವೃಕ್ಷದ ನಕಲನ್ನು ತರಿಸಿ, ಅದರಲ್ಲಿ ನಿಮ್ಮ ಹೆಸರೂ ತಾಯಿಯವರ ಹೆಸರೂ ಇವೆಯೇ ಎಂದು ನೋಡಿಕೊಳ್ಳಿ. ಹೆಣ್ಣುಮಕ್ಕಳ ಹೆಸರು ಮೊದಲು ಕಾಣೆಯಾಗುವುದು ಅಲ್ಲಿಯೇ.

ಕೇರಳದಲ್ಲಿ ಈ ಹಕ್ಕು ಸುಲಭವಾಗಿ ಬರಲಿಲ್ಲ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಮಗಳಿಗೆ ದಕ್ಕುತ್ತಿದ್ದುದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಕೊಟ್ಟಾಯಂನ ಶಿಕ್ಷಕಿ ಮೇರಿ ರಾಯ್ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 1951ರಲ್ಲಿ ಕೇಂದ್ರದ ಕಾನೂನುಗಳನ್ನು ಆ ಪ್ರದೇಶಕ್ಕೆ ವಿಸ್ತರಿಸಿದಾಗಲೇ ತಿರುವಾಂಕೂರಿನ ಕಾಯಿದೆ ರದ್ದಾಗಿದೆ ಎಂದು 1986ರ ಫೆಬ್ರವರಿಯಲ್ಲಿ ತೀರ್ಪು ಬಂದಿತು. ಆ ತೀರ್ಪು ಸಮಾನತೆಯ ಮೂಲಭೂತ ಹಕ್ಕನ್ನು ಎತ್ತಿ ಹಿಡಿಯಿತೆಂದು ಅನೇಕರು ಬರೆಯುತ್ತಾರೆ. ವಾಸ್ತವವಾಗಿ ನ್ಯಾಯಾಲಯ ಆ ಪ್ರಶ್ನೆಗೆ ಕೈಹಾಕದೆ, ಕಾಯಿದೆ ಊರ್ಜಿತದಲ್ಲಿಲ್ಲ ಎಂಬ ಕಾರಣದ ಮೇಲೆಯೇ ವ್ಯಾಜ್ಯವನ್ನು ಮುಗಿಸಿತು. ತೀರ್ಪನ್ನು ವಿರೋಧಿಸಿದವರಲ್ಲಿ ಸಭೆಗಳ ನಾಯಕರೂ ಇದ್ದರು, ಮತ್ತು ಹೆಣ್ಣುಮಕ್ಕಳನ್ನು ಕೈಬಿಡಲು ಉಯಿಲು ಬರೆದಿಡುವ ಉಪಾಯ ಚಾಲ್ತಿಗೆ ಬಂದಿತು. ಕ್ರೈಸ್ತರು ತಮ್ಮ ಇಡೀ ಆಸ್ತಿಯನ್ನು ಉಯಿಲಿನ ಮೂಲಕ ಯಾರಿಗಾದರೂ ಬರೆಯಬಹುದಾದ್ದರಿಂದ ಆ ಉಪಾಯಕ್ಕೆ ಇಂದಿಗೂ ತಡೆಯಿಲ್ಲ.

ನಿಮ್ಮ ಹಿರಿಯರಿಗೆ ಸತ್ಯವೇದದ ಅರಣ್ಯಕಾಂಡದ 27ನೆಯ ಅಧ್ಯಾಯವನ್ನು ತೆರೆದು ತೋರಿಸಿ. ಗಂಡುಮಕ್ಕಳಿಲ್ಲದೆ ಸತ್ತ ಚೆಲೋಫಹಾದನ ಐವರು ಹೆಣ್ಣುಮಕ್ಕಳು ಮೋಶೆಯ, ಯಾಜಕನ ಮತ್ತು ಸರ್ವಸಮೂಹದ ಎದುರು ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳುತ್ತಾರೆ. ಮೋಶೆ ತಾನೇ ತೀರ್ಮಾನಿಸದೆ ದೇವರ ಮುಂದೆ ಇಟ್ಟಾಗ, ಅವರು ಹೇಳುವುದು ನ್ಯಾಯವಾಗಿದೆ ಎಂಬ ಉತ್ತರ ಬರುತ್ತದೆ. 36ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಕುಲದ ಗಂಡಸರು ದೂರು ತಂದು, ಆ ಹೆಣ್ಣುಮಕ್ಕಳು ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ಷರತ್ತನ್ನು ಸೇರಿಸಿದ್ದಾರೆ ಎನ್ನಿ. ಹಾಗಿದ್ದರೂ, ಪಾಲು ಕೇಳಿದ್ದು ಭಕ್ತಿಗೆ ಕುಂದೆಂದು ಅವರಿಗೆ ಮೋಶೆಯಾಗಲಿ ಬೇರೆ ಯಾರೇ ಆಗಲಿ ಹೇಳಲಿಲ್ಲ. ಒಡಹುಟ್ಟಿದವರ ಪ್ರೀತಿಯ ಹೊಣೆಯನ್ನು ತಂಗಿಯ ಸಹಿಗೆ ಕಟ್ಟುವ ಹಿರಿಯರು ಅದನ್ನು ಅಣ್ಣಂದಿರ ಪಾಲಿಗೆ ಏಕೆ ಕಟ್ಟುವುದಿಲ್ಲ ಎಂದೂ ಕೇಳಿ.

ಪ್ರಶ್ನೆ: ಗಂಡನ ಹೊಡೆತ ತಡೆಯಲಾರದೆ ಸಭಾಪಾಲಕರ ಬಳಿ ಹೇಳಿಕೊಂಡೆ. ನಿಮ್ಮ ಶಿಲುಬೆಯನ್ನು ನೀವು ಹೊರಬೇಕು, ಕ್ಷಮಿಸಿ, ಪ್ರಾರ್ಥಿಸಿ ಎಂದರು. ಮನೆ ಬಿಟ್ಟರೆ ಪಾಪವೇ? (ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಪಾಪವಲ್ಲ. ಯೇಸುವಿನ ಶಿಲುಬೆ ಅವನೇ ಮನಸಾರೆ ಒಪ್ಪಿ ಹೊತ್ತದ್ದು, ಅದಕ್ಕೆ ಮುಂಚೆ ಜನ ಅವನನ್ನು ಕೊಲ್ಲಲು ಬಂದಾಗ ಹಲವು ಸಲ ತಪ್ಪಿಸಿಕೊಂಡು ಹೋದದ್ದೂ ಸುವಾರ್ತೆಗಳಲ್ಲಿದೆ. ಇನ್ನೊಬ್ಬರ ಕೈ ನಿಮ್ಮ ಮೇಲೆ ಹೊರಿಸುವ ಹಿಂಸೆಗೆ ಆ ಹೆಸರಿಡುವುದು ತಪ್ಪು ಬೋಧನೆ. ಕ್ಷಮೆಯ ವಿಚಾರ ನೀವು ಸುರಕ್ಷಿತವಾದ ಮೇಲೆ, ನೀವು ಬಯಸಿದಾಗ ಬರಬಹುದಾದದ್ದು. ಹೊಡೆದವನ ಪಶ್ಚಾತ್ತಾಪವನ್ನು ಕೇಳದೆ ಹೊಡೆಸಿಕೊಂಡವಳ ಕ್ಷಮೆಯನ್ನು ಕೇಳುವುದು ಯಾವ ಪಾಲನೆಯೂ ಅಲ್ಲ. ಕಾನೂನೂ ಬಹುಕಾಲ ನಿಮ್ಮಂಥವರ ಪರವಾಗಿರಲಿಲ್ಲ: 1869ರ ವಿಚ್ಛೇದನ ಕಾಯಿದೆಯಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಕಾರಣ ಸಾಕಾಗುತ್ತಿತ್ತು, ಹೆಂಡತಿ ಮಾತ್ರ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಸಾಬೀತುಪಡಿಸಬೇಕಿತ್ತು. 2001ರ ತಿದ್ದುಪಡಿಯಿಂದ ಕ್ರೌರ್ಯವೊಂದೇ ಸಾಕು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಅದರಡಿ ವಿಚ್ಛೇದನ ಪಡೆಯದೆಯೇ ರಕ್ಷಣಾ ಆದೇಶವನ್ನೂ, ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ, ಜೀವನಾಂಶವನ್ನೂ ಕೇಳಬಹುದು. ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಾಮಾನ್ಯವಾಗಿ ಸಂರಕ್ಷಣಾಧಿಕಾರಿಯೂ ಆಗಿರುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಹಗಲು ರಾತ್ರಿ ಎನ್ನದೆ ಕರೆ ಮಾಡಬಹುದು. ಇದನ್ನು ಓದಿದ ದಿನವೇ ಮಾಡಿ.

ಪ್ರಶ್ನೆ: ಸಭೆಯ ಮಹಿಳಾ ಸಮಾನತೆಯ ವಿಚಾರಗೋಷ್ಠಿಗೆ ನಮ್ಮನ್ನೂ ಕರೆಯುತ್ತಾರೆ. ವೇದಿಕೆಯ ಮೇಲಿರುವವರು ಅವರು, ಅಡುಗೆಮನೆಯಲ್ಲಿರುವವರು ನಾವು. ನಾವು ದಲಿತ ಕ್ರೈಸ್ತರು. ಸ್ತ್ರೀವಾದದಲ್ಲಿ ನಮಗೆ ಜಾಗವಿದೆಯೇ, ಅಥವಾ ನಾವು ಬೇರೆಯೇ ಕೂಡಿಕೊಳ್ಳಬೇಕೇ? (ಕೆಜಿಎಫ್)

ಉತ್ತರ: ಈ ಕಂತಿನ ಪತ್ರಗಳಲ್ಲಿ ಹೆಚ್ಚು ಕಷ್ಟದ ಪ್ರಶ್ನೆ ನಿಮ್ಮದು. ರಮಾಬಾಯಿಯವರಿಗೂ ಈ ಮಿತಿ ಇತ್ತು: 1887ರ ಅವರ ಪ್ರಸಿದ್ಧ ಪುಸ್ತಕ ಮೇಲ್ಜಾತಿಯ ಹಿಂದೂ ಸ್ತ್ರೀಯನ್ನು ಕುರಿತದ್ದು, ಅವರ ಮೊದಲ ಸದನವೂ ಮುಖ್ಯವಾಗಿ ಆ ವರ್ಗದ ವಿಧವೆಯರಿಗಾಗಿ ಇದ್ದದ್ದು. 1896–97ರ ಕ್ಷಾಮದಲ್ಲಿ ಮಧ್ಯಪ್ರಾಂತ್ಯಗಳಿಂದ ಹಸಿದ ಹುಡುಗಿಯರನ್ನು ಕರೆತಂದಾಗಲೇ ಆ ಬಾಗಿಲು ಎಲ್ಲ ಜಾತಿಗಳಿಗೂ ಅಗಲವಾಗಿ ತೆರೆದದ್ದು.

ಧರ್ಮ ಬದಲಾದರೂ ಜಾತಿ ಬೆನ್ನು ಬಿಡುವುದಿಲ್ಲ ಎಂಬುದಕ್ಕೆ ತಿರುಚಿರಾಪಳ್ಳಿಯ ಮೇಲಪುದೂರಿನ ಸ್ಮಶಾನದಲ್ಲಿ ಸತ್ತವರ ನಡುವೆಯೂ ಕಟ್ಟಿದ ಗೋಡೆಗಿಂತ ಬೇರೆ ಸಾಕ್ಷಿ ಬೇಡ. ಆದರೆ ರಾಷ್ಟ್ರಪತಿಗಳ 1950ರ ಆದೇಶದ ಮೂರನೆಯ ಕಂಡಿಕೆ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಧರ್ಮಕ್ಕೆ ಕಟ್ಟಿತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ಸಡಿಲವಾಯಿತು, ಕ್ರೈಸ್ತರಿಗೂ ಮುಸ್ಲಿಮರಿಗೂ ಆಗಲಿಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗವು ಆ ಕಂಡಿಕೆಯನ್ನು ತೆಗೆಯುವಂತೆ ಶಿಫಾರಸು ಮಾಡಿತು, 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ನೇಮಕವಾಯಿತು. ಕರ್ನಾಟಕದಲ್ಲಿ ದಲಿತ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ–1ರಲ್ಲಿದ್ದಾರೆ. ಇದರ ಪರಿಣಾಮ ಹೆಂಗಸರ ಮೇಲೆ ಹೇಗೆಂದರೆ, ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾದ ಗ್ರಾಮ ಪಂಚಾಯಿತಿ ಸ್ಥಾನಕ್ಕೆ ನೀವು ನಿಲ್ಲುವಂತಿಲ್ಲ. ಜಾತಿಯ ಕಾರಣಕ್ಕೇ ನಿಮ್ಮ ಮೇಲೆ ದೌರ್ಜನ್ಯ ನಡೆದರೂ 1989ರ ದೌರ್ಜನ್ಯ ತಡೆ ಕಾಯಿದೆ ನಿಮ್ಮ ನೆರವಿಗೆ ಬರುವುದಿಲ್ಲ. ಮಹಿಳಾ ಸಮಾನತೆಯ ವಿಚಾರಗೋಷ್ಠಿಗಳ ನಿರ್ಣಯಗಳಲ್ಲಿ ಈ ಬೇಡಿಕೆ ಅಪರೂಪಕ್ಕೆ ಕಾಣಿಸುತ್ತದೆ, ಸಮುದಾಯದ ಗಂಡಸರು ನಡೆಸುವ ಮೀಸಲಾತಿ ಸಭೆಗಳಲ್ಲಿ ಹೆಂಗಸರ ಮಾತು ಅಪರೂಪಕ್ಕೆ ಕೇಳಿಸುತ್ತದೆ. ನಿಮ್ಮ ಅನುಭವ ಎರಡರ ನಡುವೆ ಬಿದ್ದುಹೋಗುತ್ತಿದೆ.

ಸತ್ಯವೇದದ ಆದಿಕಾಂಡದ 16ನೆಯ ಅಧ್ಯಾಯವನ್ನು ದಲಿತ ಮಹಿಳೆಯರು ಓದುವ ರೀತಿ ನನಗೆ ಸರಿಯೆನಿಸುತ್ತದೆ. ಒಂದೇ ಗುಡಾರದಲ್ಲಿದ್ದ ಇಬ್ಬರು ಹೆಂಗಸರಲ್ಲಿ ಸಾರಯಳು ಯಜಮಾನಿ, ಹಾಗರಳು ದಾಸಿ; ದಾಸಿಯನ್ನು ಬಾಧಿಸಿ ಓಡಿಸಿದವಳೂ ಹೆಂಗಸೇ. ಅಡವಿಯ ಒರತೆಯ ಬಳಿ ದೇವರಿಗೆ ತಾನೇ ಒಂದು ಹೆಸರಿಟ್ಟು ಕರೆದವಳು ಮಾತ್ರ ಹಾಗರಳು. ಸ್ತ್ರೀಯರೆಲ್ಲರ ನೋವು ಒಂದೇ ಎಂದು ಹೇಳುವ ಪ್ರಸಂಗಗಳು ಈ ಅಧ್ಯಾಯವನ್ನು ಮುಟ್ಟದೆ ಮುಂದೆ ಸಾಗುತ್ತವೆ.

ಆದ್ದರಿಂದ ಸದ್ಯಕ್ಕೆ ಬೇರೆಯಾಗಿ ಕೂಡಿಕೊಳ್ಳಿ ಎಂಬುದೇ ನನ್ನ ಸಲಹೆ, ಅದನ್ನು ಒಡಕು ಎಂದು ಕರೆಯುವವರಿಗೆ ಹೆದರಬೇಡಿ. ಜೊತೆಗೆ ಸಭೆಯ ವಾರ್ಷಿಕ ಸಾಮಾನ್ಯ ಸಭೆಯಲ್ಲಿ ಮೂರು ಪಟ್ಟಿಗಳನ್ನು ಲಿಖಿತವಾಗಿ ಕೇಳಿ: ಸಭಾ ಸಮಿತಿಯ ಸದಸ್ಯರದು, ಸಭೆಯ ಶಾಲೆಗಳಲ್ಲಿ ಕೆಲಸಕ್ಕೆ ನೇಮಕವಾದವರದು, ಮತ್ತು ಹಿರಿಯ ಪ್ರಾಂತೀಯ ಸಭೆಗೆ ಆರಿಸಿ ಕಳುಹಿಸಿದ ಪ್ರತಿನಿಧಿಗಳದು. ಅವುಗಳಲ್ಲಿ ನಿಮ್ಮ ಬೀದಿಯ ಹೆಂಗಸರ ಹೆಸರು ಎಷ್ಟು ಸಲ ಬಂದಿದೆ ಎಂದು ಗುರುತು ಹಾಕಿಕೊಂಡು, ಮುಂದಿನ ವ್ಯವಹಾರವನ್ನು ಆ ಪಟ್ಟಿಗಳನ್ನು ಮುಂದಿಟ್ಟುಕೊಂಡೇ ಮಾತಾಡಿ. ವಿಚಾರಗೋಷ್ಠಿಗೆ ಮತ್ತೆ ಕರೆ ಬಂದರೆ, ಅಡುಗೆಗೆ ಬೇರೆ ಏರ್ಪಾಡಾದ ಮೇಲೆ ಬರುತ್ತೇವೆಂದು ತಿಳಿಸಿ.